ಹಳ್ಳದ ನೀರು ಕೆಂಪಾಯ್ತು ಅಂತ ಸುಣ್ಣ ಸುರಿಯೋ ಮುಂಚೆ ಇದನ್ನ ಓದಿ

ಹೋದ ಮುಂಗಾರಿನಲ್ಲಿ ಸಂಡೂರು ಕಡೆಯ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದ. ಮೆಕ್ಕೆಜೋಳದ ಹೊಲ, ಬದುವಿಗೆ ತಾಗಿದಂಗೆ ಹಳ್ಳ, ಹಳ್ಳದ ತುಂಬ ಕುಂಕುಮ ಕದಡಿದಂಥ ನೀರು. ಕೆಳಗೆ ಒಂದು ಸಾಲು: "ಅಣ್ಣಾ, ಇದು ಗಣಿ ಆಸಿಡ್ ನೀರಂತೆ, ಯೂಟ್ಯೂಬ್‌ನಲ್ಲಿ ನೋಡಿದೆ. ಎಕರೆಗೆ ಎಷ್ಟು ಸುಣ್ಣ ಹಾಕ್ಲಿ?" ಸುಣ್ಣ ತರೋಕೆ ಟ್ರ್ಯಾಕ್ಟರ್ ಬಾಡಿಗೆನೂ ಮಾತಾಡಿಬಿಟ್ಟಿದ್ದ.

ಸ್ವಲ್ಪ ತಡಿ ಅಂದೆ. ಆ ವಾರವೇ ಹೋಗಿ ಹಳ್ಳದ ನೀರಿಗೆ ಪಿಎಚ್ ಪಟ್ಟಿ ಅದ್ದಿದರೆ ಬಣ್ಣ 7ರ ಆಸುಪಾಸಿಗೆ ಬಂದು ನಿಂತಿತು. ಅಂದ್ರೆ ಆಸಿಡ್ ಅಲ್ಲ. ಅದೇ ನೀರನ್ನ ಒಂದು ಲೀಟರ್ ಬಾಟಲಿಗೆ ತುಂಬಿ ಜಗಲಿ ಮೇಲಿಟ್ಟೆವು. ಊಟ ಮುಗಿಸಿ ಬರೋ ಹೊತ್ತಿಗೆ ತಳದಲ್ಲಿ ಕೆಂಪು ಕೆಸರು ಕೂತಿತ್ತು. ಅವನ ಹೊಲ ಎರೆಮಣ್ಣಿನದು, ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಪಿಎಚ್ 8 ದಾಟಿತ್ತು. ಆ ಮಣ್ಣಿಗೆ ಸುಣ್ಣ ಸುರಿದಿದ್ರೆ ಇರೋ ಸತು, ಕಬ್ಬಿಣದ ಪೋಷಕಾಂಶನೂ ಬೆಳೆಗೆ ಸಿಗದ ಹಾಗೆ ಕಟ್ಟಿಹೋಗ್ತಿತ್ತು. ದುಡ್ಡೂ ಹೋಗೋದು, ಮೆಕ್ಕೆಜೋಳದ ಎಲೆ ಬಿಳಿಚಿಕೊಳ್ಳೋದೂ ಬರೋದು.

ಈ ವಾರದ ಬರಹ ಅದಕ್ಕೇ. ಗಣಿ ಕಡೆಯಿಂದ ಬರೋ ನೀರು ಎರಡು ಜಾತಿ. ಎರಡಕ್ಕೂ ಕರೆಂಟು, ಪಂಪು, ದಿನಾ ಔಷಧಿ ಇಲ್ಲದ ಚಿಕಿತ್ಸೆ ಇದೆ. ಆದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ನಡೆಯಲ್ಲ.

ಆಸಿಡ್ ಎಲ್ಲಿಂದ ಹುಟ್ಟುತ್ತೆ?

ಪೈರೈಟ್ ಅಂತ ಒಂದು ಖನಿಜ. ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು, ಬಂಗಾರದ ಹಾಗೆ ಹೊಳೆಯುತ್ತೆ. ನೆಲದಾಳದಲ್ಲಿ ಗಾಳಿ ತಾಗದೆ ಇರೋವರೆಗೆ ಸುಮ್ಮನಿರುತ್ತೆ. ಗಣಿ ತೋಡಿ ಅದನ್ನ ಮೇಲೆ ತಂದು ರಾಶಿ ಹಾಕಿದರೆ ಗಾಳಿ, ಮಳೆನೀರು ಎರಡೂ ಸಿಗುತ್ವೆ. ಆಗ ಗಂಧಕ ಗಂಧಕಾಮ್ಲವಾಗುತ್ತೆ, ಕಬ್ಬಿಣ ನೀರಿನಲ್ಲಿ ಕರಗುತ್ತೆ. ಕಬ್ಬಿಣ ತಿಂದು ಬದುಕೋ ಒಂದು ಜಾತಿ ಬ್ಯಾಕ್ಟೀರಿಯಾ ಸೇರಿಕೊಂಡರಂತೂ ಈ ಕೆಲಸ ಹತ್ತಾರು ಪಟ್ಟು ಜೋರು. ನೀರಿನ ಪಿಎಚ್ 3ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತೆ. ಅಂಥ ನೀರು ದಾರಿಯಲ್ಲಿ ಸಿಕ್ಕ ಬಂಡೆಯಿಂದ ಅಲ್ಯೂಮಿನಿಯಂ, ಮ್ಯಾಂಗನೀಸ್, ತಾಮ್ರ ಎಲ್ಲವನ್ನೂ ಕರಗಿಸಿಕೊಂಡು ಬರುತ್ತೆ. ಬೇರು ಸುಡೋದು ಮುಖ್ಯವಾಗಿ ಈ ಅಲ್ಯೂಮಿನಿಯಂನಿಂದ.

ಸಂಡೂರಿನ ಗುಡ್ಡಗಳ ಅದಿರು ಬೇರೆ. ದೋಣಿಮಲೆ, ಕುಮಾರಸ್ವಾಮಿ ಬೆಟ್ಟ, ರಾಮಘಡದ ಸಾಲಿನಲ್ಲಿ ಇರೋದು ಹೆಮಟೈಟ್. ಅದು ಕಬ್ಬಿಣ ಮತ್ತು ಆಮ್ಲಜನಕ, ಸುಲಭವಾಗಿ ಹೇಳಬೇಕಂದ್ರೆ ಎಂದೋ ತುಕ್ಕು ಹಿಡಿದು ಮುಗಿದ ಕಬ್ಬಿಣ. ಅದರಲ್ಲಿ ಆಸಿಡ್ ಆಗೋಕೆ ಬೇಕಾದ ಗಂಧಕವೇ ಹೆಚ್ಚೂಕಡಿಮೆ ಇಲ್ಲ. ಹಾಗಾಗಿ ನಾರಿಹಳ್ಳದ ಕಡೆಗೆ ಮಳೆಗಾಲದಲ್ಲಿ ಇಳಿದು ಬರೋ ಕೆಂಪು ನೀರಲ್ಲಿ ಇರೋದು ತೇಲೋ ಪುಡಿ, ಕರಗಿದ ವಿಷ ಅಲ್ಲ. ತೊಂದರೆ ಇಲ್ಲ ಅಂತ ಅರ್ಥ ಅಲ್ಲ, ಮುಂದೆ ನೋಡೋಣ.

ಗಂಧಕದ ಅದಿರು ನಮ್ಮ ರಾಜ್ಯದಲ್ಲೇ ಇಲ್ಲ ಅಂತಲೂ ಅಲ್ಲ. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಅಲ್ಲಿಯ ತಾಮ್ರ ಪೈರೈಟ್ ಜೊತೆಗೇ ಸಿಗೋದು. ರಾಯಚೂರು ಜಿಲ್ಲೆ ಹಟ್ಟಿಯ ಚಿನ್ನದ ಬಂಡೆಯಲ್ಲೂ ಗಂಧಕದ ಖನಿಜಗಳಿವೆ. ದೇಶದೊಳಗೆ ಆಸಿಡ್ ನೀರಿನ ಕೆಟ್ಟ ಉದಾಹರಣೆ ಬೇಕಂದ್ರೆ ಮೇಘಾಲಯದ ಜೈಂತಿಯಾ ಬೆಟ್ಟಗಳು. ಕಲ್ಲಿದ್ದಲಿನ ಇಲಿಬಿಲ ಗಣಿಗಳಿಂದ ಬರೋ ಆಸಿಡ್ ನೀರು ಅಲ್ಲಿಯ ಹಳ್ಳಗಳನ್ನೇ ಮೀನಿಲ್ಲದ ಹಾಗೆ ಮಾಡಿದೆ. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಗಣಿಗಾರಿಕೆಗೆ ತಡೆ ಹಾಕಿತು. ಗಣಿ ನಿಂತರೂ ಬಿಲಗಳ ಒಳಗಿನ ಗಂಧಕ ಎಲ್ಲಿಗೂ ಹೋಗಲ್ಲ.

ನಿಮ್ಮ ನೀರು ಯಾವ ಜಾತಿ ಅಂತ ನೋಡೋದು ಹೇಗೆ

ಬಣ್ಣ ನಂಬಬೇಡಿ. ನಿಜ ಹೇಳಬೇಕಂದ್ರೆ ಆಸಿಡ್ ನೀರು ಹುಟ್ಟೋ ಜಾಗದಲ್ಲಿ ಕನ್ನಡಿ ಹಾಗೆ ತಿಳಿಯಾಗಿರಬಹುದು, ಏಕೆಂದರೆ ಕಬ್ಬಿಣ ಕರಗಿರುತ್ತೆ. ಸ್ವಲ್ಪ ದೂರ ಹರಿದು ಗಾಳಿ ತಾಗಿದ ಮೇಲೆ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತೆ. ಅಮೆರಿಕದ ಗಣಿ ಊರುಗಳಲ್ಲಿ ಅದಕ್ಕೆ 'ಯೆಲ್ಲೋ ಬಾಯ್' ಅಂತಾರೆ. ಸಂಡೂರಿನ ಕೆಂಪು ನೀರು ಮಳೆ ಬಂದಾಗ ಬರುತ್ತೆ, ಮಳೆ ನಿಂತ ಮೇಲೆ ನಿಲ್ಲುತ್ತೆ. ಆಸಿಡ್ ನೀರು ಬೇಸಿಗೆಯಲ್ಲೂ ಗಣಿ ಬಾಯಿಂದಲೋ ರಾಶಿಯ ಬುಡದಿಂದಲೋ ಒಸರುತ್ತಾ ಇರುತ್ತೆ. ಹರಿಯೋ ನೀರಲ್ಲಿ ಪಾಚಿ ಇಲ್ಲ, ಕಪ್ಪೆಮರಿ ಇಲ್ಲ, ಆದರೂ ನೀರು ತಿಳಿಯಾಗಿದೆ ಅಂದ್ರೆ ಅನುಮಾನ ಪಡಿ.

ಎರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದು, ಪಿಎಚ್ ಪಟ್ಟಿ. ಮಳೆನೀರಿನ ಪಿಎಚ್ಚೇ 5.6ರ ಹತ್ತಿರ ಇರೋದರಿಂದ 6 ಬಂತು ಅಂತ ಗಾಬರಿ ಬೇಡ. 4.5ಕ್ಕಿಂತ ಕೆಳಗೆ ಬಂದರೆ ಹೊಲಕ್ಕೆ ಬಿಡಬೇಡಿ, ದನಕ್ಕೂ ಕುಡಿಸಬೇಡಿ. ಎರಡು, ಬಾಟಲಿ. ತುಂಬಿ, ಅಲ್ಲಾಡಿಸಿ, ಕದಲಿಸದೆ ಒಂದು ರಾತ್ರಿ ಇಡಿ. ಕೆಸರು ಕೂತು ಮೇಲಿನ ನೀರು ತಿಳಿಯಾದರೆ ಅದು ಪುಡಿಯ ಸಮಸ್ಯೆ. ತಿಳಿ ನೀರು ತುಂಬಿಟ್ಟಿದ್ದು ಬೆಳಗಾಗೋ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಕರಗಿದ ಕಬ್ಬಿಣ ಇದೆ ಅಂತ ತಿಳೀರಿ. ಕೊಳವೆಬಾವಿ ನೀರಲ್ಲೂ ಹೀಗೆ ಆಗೋದುಂಟು, ಅದಕ್ಕೇ ಪಟ್ಟಿ ಬೇಕು ಅನ್ನೋದು. ಅನುಮಾನ ಉಳಿದರೆ ಹಗರಿಯ ಕೃಷಿ ವಿಜ್ಞಾನ ಕೇಂದ್ರದವರ ಹತ್ತಿರ ಮಾತಾಡಿ, ನೀರು ಮತ್ತು ಮಣ್ಣು ಎರಡೂ ಒಯ್ಯಿರಿ.

ಪ್ಯಾಸಿವ್ ಅಂದ್ರೆ ಏನು

ಹಂಪಿ ಬಜಾರಿಗೆ ನೆಂಟರನ್ನ ಕರ್ಕೊಂಡು ಎಷ್ಟೋ ಸಲ ಹೋಗಿರ್ತೀರಿ. ವಿರೂಪಾಕ್ಷನ ಗೋಪುರ ನೋಡಿ, ಕಲ್ಲಿನ ಸಾಲುಮಂಟಪದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರೋದು. ಅಲ್ಲಿಂದ ಕಮಲಾಪುರದ ಕಡೆ ಬರ್ತಾ ಬಾಳೆತೋಟಗಳ ನಡುವೆ ತುರ್ತು ಕಾಲುವೆ ಸಿಗುತ್ತೆ. ವಿಜಯನಗರದ ಕಾಲದ್ದು, ಇವತ್ತಿಗೂ ಬಾಳೆಗೆ ನೀರು ಕೊಡ್ತಿದೆ. ಮೋಟರ್ ಇಲ್ಲ, ಸ್ವಿಚ್ ಇಲ್ಲ, ಇಳಿಜಾರೊಂದೇ. ಪ್ಯಾಸಿವ್ ಚಿಕಿತ್ಸೆ ಅಂದ್ರೆ ಇದೇ ತತ್ವ. ಇಳಿಜಾರು ನೀರನ್ನ ಸಾಗಿಸುತ್ತೆ, ಕಲ್ಲು, ಗೊಬ್ಬರ, ಹುಲ್ಲು, ಬ್ಯಾಕ್ಟೀರಿಯಾ ಮತ್ತು ಸಮಯ ಉಳಿದ ಕೆಲಸ ಮಾಡ್ತವೆ. ಆದರೆ ಒಂದು ಮಾತು. ತುರ್ತು ಕಾಲುವೆ ಇಷ್ಟು ವರ್ಷ ಉಳಿದದ್ದು ಹೂಳು ತೆಗೆಯೋರು ಇದ್ದದ್ದಕ್ಕೆ. ಪ್ಯಾಸಿವ್ ಅಂದ್ರೆ ಕಟ್ಟಿ ಮರೆತುಬಿಡೋದು ಅಲ್ಲ.

ಈ ಉಪಾಯ ಹುಟ್ಟಿದ್ದೂ ಹೊಲದ ಕಣ್ಣಿನಿಂದಲೇ ಅನ್ನಬಹುದು. 1970-80ರ ಸುಮಾರಿಗೆ ಅಮೆರಿಕದ ಒಹಾಯೋ, ವೆಸ್ಟ್ ವರ್ಜೀನಿಯಾದ ಹಳೆ ಕಲ್ಲಿದ್ದಲು ಗಣಿಗಳ ನೀರು ತಾನೇ ಬೆಳೆದ ಜೌಗಿನೊಳಗೆ ಹಾದು ಹೊರಬಂದಾಗ ಕಬ್ಬಿಣ ಕಡಿಮೆಯಾಗಿ, ನೀರು ಸುಧಾರಿಸಿದ್ದನ್ನ ಸಂಶೋಧಕರು ಕಂಡರು. ಜೌಗು ಪುಕ್ಕಟೆ ಮಾಡೋ ಕೆಲಸವನ್ನ ನಾವೇ ಕಟ್ಟಿ ಮಾಡಿಸಬಹುದಲ್ಲ ಅನ್ನೋದು ಅಲ್ಲಿಂದ ಶುರುವಾಯ್ತು.

ಆಸಿಡ್ ನೀರಿಗೆ: ಸುಣ್ಣದಕಲ್ಲು, ಸಗಣಿ, ಆಪು

ಎಲ್ಲಕ್ಕಿಂತ ಸರಳವಾದದ್ದು ಸುಣ್ಣದಕಲ್ಲು ಹಾಸಿದ ಕಾಲುವೆ. ಆಸಿಡ್ ನೀರು ಕಲ್ಲಿನ ಮೇಲೆ ಹರಿಯುತ್ತಾ ಕಲ್ಲನ್ನ ಕರಗಿಸುತ್ತೆ, ತಾನು ಸೌಮ್ಯವಾಗುತ್ತೆ. ಕೇಳೋಕೆ ಚೆಂದ. ಆದರೆ ಪಿಎಚ್ ಏರಿದ ಕೂಡಲೇ ಕರಗಿದ್ದ ಕಬ್ಬಿಣ ಗಟ್ಟಿಯಾಗಿ ಅದೇ ಕಲ್ಲಿನ ಮೇಲೆ ಪದರ ಕಟ್ಟುತ್ತೆ, ಕಲ್ಲಿಗೆ ರೇನ್‌ಕೋಟ್ ಹಾಕಿದ ಹಾಗೆ. ಆಮೇಲೆ ಕಲ್ಲು ಕರಗೋದು ನಿಧಾನವಾಗುತ್ತೆ. ಅದಕ್ಕೇ ಇಂಥ ಕಾಲುವೆಗೆ ಕಡಿದಾದ ಇಳಿಜಾರು ಬೇಕು, ನೀರು ರಭಸದಲ್ಲಿ ಪದರವನ್ನ ಕೆರೆದುಕೊಂಡು ಹೋಗಬೇಕು. ಸಮತಟ್ಟು ಜಾಗದಲ್ಲಿ ಕಲ್ಲು ಸುರಿದರೆ ಒಂದೆರಡು ವರ್ಷದಲ್ಲಿ ಅದು ಬರೀ ಕಿತ್ತಳೆ ಕಲ್ಲಿನ ರಾಶಿ.

ಈ ಪದರದ ಕಾಟ ತಪ್ಪಿಸೋಕೆ ಎರಡನೇ ದಾರಿ ಕಂಡುಕೊಂಡರು. ಸುಣ್ಣದಕಲ್ಲನ್ನ ಕಂದಕದಲ್ಲಿ ಹೂತು, ಮೇಲೆ ಪ್ಲಾಸ್ಟಿಕ್ ಹಾಳೆ, ಜೇಡಿಮಣ್ಣು ಮುಚ್ಚಿ, ಗಾಳಿಯೇ ಹೋಗದ ಹಾಗೆ ಮಾಡೋದು. ಗಾಳಿ ಇಲ್ಲದಿದ್ದರೆ ಕಬ್ಬಿಣ ಕರಗಿದ ಸ್ಥಿತಿಯಲ್ಲೇ ಇರುತ್ತೆ, ಕಲ್ಲಿಗೆ ಅಂಟಲ್ಲ. ನೀರು ಒಳಗೆ ಸುಮಾರು 15 ತಾಸು ಇದ್ದು ಹೊರಬರಬೇಕು. ಷರತ್ತು ಬಿಗಿ. ಬರೋ ನೀರಲ್ಲಿ ಮೊದಲೇ ಗಾಳಿ ಬೆರೆತಿದ್ದರೆ, ಇಲ್ಲವೇ ಅಲ್ಯೂಮಿನಿಯಂ ಲೀಟರಿಗೆ ಒಂದು ಮಿಲಿಗ್ರಾಂ ದಾಟಿದ್ದರೆ, ಕಂದಕ ಕಟ್ಟಿಕೊಂಡು ಹಾಳಾಗುತ್ತೆ. ಗಾತ್ರವೂ ಸಣ್ಣದಲ್ಲ. ಸೆಕೆಂಡಿಗೆ ಒಂದೇ ಲೀಟರ್ ಬರ್ತಿದೆ ಅಂದುಕೊಳ್ಳಿ. 15 ತಾಸಿಗೆ 54 ಸಾವಿರ ಲೀಟರ್. ಕಲ್ಲಿನ ಸಂದು ಅರ್ಧ ಜಾಗ ಅಂದರೂ ಸುಮಾರು 110 ಘನ ಮೀಟರ್ ಕಂದಕ, 170 ಟನ್ ಮೇಲೆ ಕಲ್ಲು. ಆಸಿಡ್ ಎಷ್ಟು ತಿನ್ನುತ್ತೆ ಅಂತಲೂ ಲೆಕ್ಕ ಹಾಕಬಹುದು: ಲೀಟರಿಗೆ 300 ಮಿಲಿಗ್ರಾಂ ಆಮ್ಲೀಯತೆ ಇದ್ದರೆ ದಿನಕ್ಕೆ 26 ಕೆಜಿ, ವರ್ಷಕ್ಕೆ ಒಂಬತ್ತೂವರೆ ಟನ್ ಸುಣ್ಣದಕಲ್ಲು ಕರಗಿಹೋಗುತ್ತೆ. ಕಲಬುರಗಿ, ಬಾಗಲಕೋಟೆ ಕಡೆಯಿಂದ ಲಾರಿಯಲ್ಲಿ ತರಬೇಕು. ಇದು ಗಣಿಯವರ ಖರ್ಚು, ರೈತನ ಖರ್ಚಲ್ಲ, ಅನ್ನೋದು ಈ ಲೆಕ್ಕದಲ್ಲೇ ಗೊತ್ತಾಗುತ್ತೆ.

ಮೂರನೆಯದು ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ತಿಪ್ಪೆಗೆ ಕೆಲಸ. ಒಂದು ಹೊಂಡ. ತಳದಲ್ಲಿ ಸುಣ್ಣದಕಲ್ಲು, ಅದರೊಳಗೆ ತೂತಿನ ಪೈಪು. ಅದರ ಮೇಲೆ ಮೊಣಕಾಲುದ್ದ ಸಗಣಿಗೊಬ್ಬರ, ಹುಲ್ಲು, ಮರದ ಹೊಟ್ಟು. ಮೇಲೆ ನೀರು ನಿಲ್ಲುತ್ತೆ. ನೀರು ಮೇಲಿಂದ ಕೆಳಕ್ಕೆ ಇಳಿಯಬೇಕು. ಗೊಬ್ಬರದ ಪದರದಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯನ್ನೆಲ್ಲ ತಿಂದು ಮುಗಿಸ್ತವೆ. ಆಮೇಲೆ ಇನ್ನೊಂದು ಜಾತಿ ಎಚ್ಚರವಾಗಿ ನೀರಿನ ಸಲ್ಫೇಟನ್ನೇ ಉಸಿರಾಡುತ್ತೆ, ಅಂದ್ರೆ ಗಂಧಕಾಮ್ಲ ಆದ ದಾರಿಯಲ್ಲೇ ವಾಪಸ್ ಕರ್ಕೊಂಡು ಹೋಗುತ್ತೆ. ಹುಟ್ಟೋ ಸಲ್ಫೈಡ್ ತಾಮ್ರ, ಸತುವನ್ನ ಹಿಡಿದು ಕೆಳಗೆ ಕೂರಿಸುತ್ತೆ. ಕೆಳಗಿಳಿದ, ಗಾಳಿಯಿಲ್ಲದ ನೀರು ಸುಣ್ಣದಕಲ್ಲನ್ನ ಪದರ ಕಟ್ಟದೆ ಕರಗಿಸುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಕೆಲಸ ನಡೀತಿದೆ ಅಂತ ಲೆಕ್ಕ. ಅದೇ ಗ್ಯಾಸ್ ಮುಚ್ಚಿದ ಗುಂಡಿಯಲ್ಲಿ ಪ್ರಾಣ ತೆಗೆಯುತ್ತೆ ಅನ್ನೋದೂ ನೆನಪಿರಲಿ. ಇಂಥ ಚೇಂಬರ್ ಒಳಗೆ ಯಾರೂ ಇಳಿಯಬಾರದು.

ಕೊನೆಗೆ ಆಪು, ಜಂಬು ಹುಲ್ಲು ಬೆಳೆಸಿದ ತೆಳು ನೀರಿನ ಜೌಗು. ಸೌಮ್ಯವಾದ ನೀರು ಇಲ್ಲಿ ಅಗಲವಾಗಿ ಹರಡಿ ಗಾಳಿ ತಗೊಂಡು ಕಬ್ಬಿಣವನ್ನ ಕೆಳಗೆ ಬಿಡುತ್ತೆ. ಒಂದು ಚದರ ಮೀಟರ್ ಜೌಗು ದಿನಕ್ಕೆ 10ರಿಂದ 20 ಗ್ರಾಂ ಕಬ್ಬಿಣ ಹಿಡಿಯುತ್ತೆ ಅನ್ನೋದು ಎಲ್ಲರೂ ಬಳಸೋ ಅಂದಾಜು. ಸೆಕೆಂಡಿಗೆ ಒಂದು ಲೀಟರ್, ಲೀಟರಿಗೆ 50 ಮಿಲಿಗ್ರಾಂ ಕಬ್ಬಿಣ ಇದ್ದರೆ ನಾಲ್ಕು ಗುಂಟೆಗಿಂತ ಸ್ವಲ್ಪ ಹೆಚ್ಚು ಜಾಗ ಸಾಕು. ಮ್ಯಾಂಗನೀಸ್ ಮಾತ್ರ ಹಠಮಾರಿ, ಅದಕ್ಕೆ ಹತ್ತಿಪ್ಪತ್ತು ಪಟ್ಟು ಜಾಗ ಬೇಕು.

ಇದೆಲ್ಲ ಎಲ್ಲ ಕಡೆ ಗೆದ್ದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೀಲ್ ಜೇನ್ ಅನ್ನೋ ತವರದ ಗಣಿ 1991ರಲ್ಲಿ ಮುಚ್ಚಿತು, ಪಂಪು ನಿಂತಿತು. 1992ರ ಜನವರಿಯಲ್ಲಿ ಒಳಗೆ ತುಂಬಿದ್ದ ಆಸಿಡ್ ನೀರು ಒಡೆದು ನದಿಗೆ ನುಗ್ಗಿ, ಸಮುದ್ರದ ಬಾಯಿವರೆಗೂ ಕಿತ್ತಳೆಯಾಯ್ತು. ಅಲ್ಲಿ ಜೌಗು, ಸುಣ್ಣದಕಲ್ಲಿನ ಪ್ರಾಯೋಗಿಕ ಘಟಕ ಕಟ್ಟಿ ವರ್ಷಗಟ್ಟಲೆ ನೋಡಿದರು. ನೀರಿನ ಪ್ರಮಾಣ ಅಷ್ಟಿತ್ತು, ಕೊನೆಗೆ ಸುಣ್ಣ ಬೆರೆಸೋ ಯಂತ್ರದ ಘಟಕವೇ ಬೇಕಾಯ್ತು. ಸಣ್ಣ ಒಸರಿಗೆ ಪ್ಯಾಸಿವ್, ಹೊಳೆಯಂಥ ನೀರಿಗೆ ಯಂತ್ರ ಅನ್ನೋದು ನನ್ನ ತಿಳುವಳಿಕೆ.

ನಮ್ಮ ಕೆಂಪು ನೀರಿಗೆ: ಜಾಗ ಮತ್ತು ಸಮಯ

ಈಗ ನಮ್ಮ ವಿಷಯಕ್ಕೆ ಬರೋಣ. ಕೆಂಪು ಪುಡಿ ಹೊಲಕ್ಕೆ ನುಗ್ಗಿದರೆ ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿ ಮೇಲೆ ಹಪ್ಪಳ ಕಟ್ಟುತ್ತೆ. ಮಳೆನೀರು ಇಂಗಲ್ಲ, ಜೋಳ, ಶೇಂಗಾ ಮೊಳಕೆ ಹೊರಬರೋಕೆ ಒದ್ದಾಡುತ್ತೆ. ಡ್ರಿಪ್ ಹಾಕಿದವರಿಗೆ ಫಿಲ್ಟರ್ ತೊಳೆಯೋದೇ ದಿನದ ಕೆಲಸ. ಇದಕ್ಕೆ ಸುಣ್ಣ ಬೇಡ, ಆಪು ಕೂಡ ಎರಡನೇ ಮಾತು. ನೀರು ನಿಲ್ಲಬೇಕು, ಅಷ್ಟೇ.

ಎಷ್ಟು ಹೊತ್ತು? ನಿಂತ ನೀರಲ್ಲಿ ಒಂದು ಮೀಟರ್ ಇಳಿಯೋಕೆ ನುಣ್ಣನೆ ಮರಳಿನ ಕಣ, ಅಂದ್ರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ್ದು, ಏಳೆಂಟು ನಿಮಿಷ ತಗೊಳ್ಳುತ್ತೆ. ನೂರನೇ ಒಂದು ಭಾಗದ್ದು ಮೂರು ತಾಸು. ಜೇಡಿಯ ಕಣ ಮೂರು ದಿನದ ಮೇಲೆ. ಅದಿರಿನ ಪುಡಿ ಮಣ್ಣಿಗಿಂತ ಭಾರ, ಅದೇ ಗಾತ್ರದ ಮಣ್ಣಿನ ಕಣಕ್ಕಿಂತ ಎರಡೂವರೆ ಪಟ್ಟು ಬೇಗ ಕೂರುತ್ತೆ. ಇದು ನಮ್ಮ ಅದೃಷ್ಟ. ಗೆಳೆಯನ ಬಾಟಲಿಯಲ್ಲಿ ಊಟದೊಳಗೆ ಕೆಸರು ಕೂತಿದ್ದೂ ಅದಕ್ಕೇ.

ಹೊಂಡದ ವಿಷಯದಲ್ಲಿ ಬಹಳ ಜನ ತಪ್ಪೋದು ಆಳದ ಹಿಂದೆ ಬಿದ್ದು. ಕಣ ಕೂರಿಸೋದು ಹೊಂಡದ ಮೇಲ್ಮೈ ವಿಸ್ತೀರ್ಣ, ಆಳ ಅಲ್ಲ. ಆಳ ಬೇಕಾಗಿರೋದು ಕೂತ ಹೂಳು ಇಟ್ಟುಕೊಳ್ಳೋಕೆ. ಎರಡೂವರೆ ಎಕರೆ ಇಳಿಜಾರಿನಿಂದ ತಾಸಿಗೆ ಒಂದು ಇಂಚು ಮಳೆಯಲ್ಲಿ ಅರ್ಧ ಹರಿದುಬಂದರೂ ಸೆಕೆಂಡಿಗೆ 35 ಲೀಟರ್ ಆಗುತ್ತೆ. ನೂರನೇ ಒಂದು ಭಾಗದ ಮಣ್ಣಿನ ಕಣ ಕೂರಬೇಕಂದ್ರೆ ನಾಲ್ಕು ಗುಂಟೆ ನೀರಿನ ಮೇಲ್ಮೈ ಬೇಕು. ಅಷ್ಟು ಜಾಗ ಬಿಡೋಕೆ ಯಾರಿಗೂ ಮನಸ್ಸಿರಲ್ಲ, ಗೊತ್ತು. ಹಾಗಾಗಿ ಅದನ್ನ ಹಂಚಿ. ಮೇಲೆ ಹಳ್ಳದ ಕೊರಕಲಿನಲ್ಲಿ ಒಣಕಲ್ಲಿನ ಸಣ್ಣ ತಡೆಗಳು, ಒಂದರ ಕೆಳಗೊಂದು. ಬದುವಿನ ಉದ್ದಕ್ಕೂ ಲಾವಂಚ ಎರಡು ಸಾಲು ಒತ್ತಾಗಿ. ಗುಂಡ್ಲುಪೇಟೆ ಕಡೆಯ ರೈತರು ಬದುವಿಗೆ ಲಾವಂಚ ಹಾಕೋದು ಹಳೆ ರೂಢಿ, ಹೊಸ ಸಂಶೋಧನೆ ಏನಲ್ಲ. ಕೃಷಿಭಾಗ್ಯದಲ್ಲಿ ತೋಡಿಸಿದ ಹೊಂಡ ಇದ್ದರೆ ಅದಕ್ಕೆ ಮುಂಚೆ ಒಂದು ಸಣ್ಣ ಹೂಳುಗುಂಡಿ ಇರಲೇಬೇಕು, ಇಲ್ಲದಿದ್ದರೆ ಹೊಂಡವೇ ಹೂಳುಗುಂಡಿ ಆಗುತ್ತೆ.

ಗುಂಡಿಯ ಉದ್ದ ಅಗಲದ ಮೂರು ಪಟ್ಟು ಇರಲಿ. ನೀರು ಒಂದು ತುದಿಗೆ ಬಂದು ಇನ್ನೊಂದು ತುದಿಯಿಂದ ಹೋಗಬೇಕು. ಬಂದ ಬಾಯಲ್ಲಿ ಕಲ್ಲು ಹಾಸಿ ರಭಸ ಮುರೀರಿ. ಹೊರಹೋಗೋ ಜಾಗ ಅಗಲವಾದ ಕಲ್ಲಿನ ಕೋಡಿ ಆಗಿರಲಿ, ತಳದ ಪೈಪು ಬೇಡ. ಪೈಪು ಇಟ್ಟರೆ ಕೂತ ಕೆಸರೇ ಮೊದಲು ಹೊರಗೆ ಹೋಗೋದು. ಗೆಳೆಯ ಮಾಡಿದ್ದು ಇಷ್ಟೇ. ಸುಣ್ಣಕ್ಕೆ ಮಾತಾಡಿದ್ದ ಟ್ರ್ಯಾಕ್ಟರಿನಲ್ಲಿ ಕಲ್ಲು ತರಿಸಿ ಎರಡು ತಡೆ, ಒಂದು ಗುಂಡಿ. ಮೇಲಿನ ತಡೆ ಎರಡು ದೊಡ್ಡ ಮಳೆಗೇ ತುಂಬಿಹೋಯ್ತು. ಬೈಕೊಂಡ, ತೆಗೆಸಿದ.

ತೆಗೆದ ಹೂಳನ್ನ ಹೊಲಕ್ಕೆ ಹರಡಬೇಡಿ. ಇದು ಕೆರೆಗೋಡು ಅಲ್ಲ, ಅದರಲ್ಲಿ ಸಾರ ಇಲ್ಲ. ನೀರು ಹರಿಯದ ಎತ್ತರದ ಮೂಲೆಯಲ್ಲಿ ರಾಶಿ ಹಾಕಿ ಹುಲ್ಲು ಬಿತ್ತಿ. "ಇದರಲ್ಲಿ ಅದಿರಿದೆಯಲ್ಲ, ಮಾರಿದರೆ?" ಅಂತ ಕೇಳೋರು ಸಿಗ್ತಾರೆ. ಪರವಾನಗಿ ಇಲ್ಲದೆ ಖನಿಜ ಸಾಗಿಸೋದು ಅಪರಾಧ, ಗಾಡಿ ಸಮೇತ ಹಿಡೀತಾರೆ. ಅದಿರಿನ ಬೆಲೆ ಏರಿದ್ದ ದಿನಗಳಲ್ಲಿ ಈ ಸೀಮೆಯಲ್ಲಿ ಏನೇನಾಯ್ತು ಅಂತ ನಿಮ್ಮಪ್ಪಂದಿರನ್ನ ಕೇಳಿ.

ಮೇಲಿನವರ ಪಾಲು

ಹೊಲದಲ್ಲಿ ಎಷ್ಟೇ ಗುಂಡಿ ತೋಡಿದರೂ ಪುಡಿ ಹುಟ್ಟೋ ಜಾಗದಲ್ಲಿ ತಡೆ ಇಲ್ಲದಿದ್ದರೆ ಪ್ರತಿ ವರ್ಷ ಇದೇ ಗೋಳು. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಮತ್ತೆ ಶುರು ಮಾಡೋ ಗಣಿಗಳು ಪುನಶ್ಚೇತನ ಯೋಜನೆ ಜಾರಿ ಮಾಡಬೇಕು ಅನ್ನೋ ಷರತ್ತು ಉಳಿಯಿತು. ಆ ಯೋಜನೆಗಳಲ್ಲಿ ಬರೆದಿರೋದು ಇದೇ ಪ್ಯಾಸಿವ್ ಕೆಲಸಗಳು: ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತ ಮಾಲೆಗಾಲುವೆ, ಕೊರಕಲಿಗೆ ಕಲ್ಲಿನ ತಡೆ, ಚೆಕ್ ಡ್ಯಾಮ್, ಹೂಳುಗುಂಡಿ, ರಾಶಿಯ ಮೈಗೆ ನಾರಿನ ಚಾಪೆ ಮತ್ತು ಗಿಡ. ಅಂದ್ರೆ ನೀವು ಕೇಳ್ತಿರೋದು ದಾನ ಅಲ್ಲ. ಚೆಕ್ ಡ್ಯಾಮ್ ಇದೆಯಾ ಅಂತ ಕೇಳಬೇಡಿ, ಹೂಳು ತೆಗೆದಿದ್ದು ಯಾವಾಗ ಅಂತ ಕೇಳಿ. ತುಂಬಿದ ಚೆಕ್ ಡ್ಯಾಮ್ ಬರೀ ಮೆಟ್ಟಿಲು.

2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ. ಕುಡಿಯೋ ನೀರು, ಮಾಲಿನ್ಯ ನಿಯಂತ್ರಣ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ ಜಿಲ್ಲಾಡಳಿತ, ಹೊಸಪೇಟೆ ಕಡೆಯವರಿಗೆ ವಿಜಯನಗರ. ಗ್ರಾಮಸಭೆಯಲ್ಲಿ ಬರೀ ಬಾಯಿಮಾತಲ್ಲಿ "ನೀರು ಕೆಂಪು ಬರ್ತದೆ" ಅಂದ್ರೆ ಯಾರೂ ಬರೆದುಕೊಳ್ಳಲ್ಲ. ಮೊದಲ ದೊಡ್ಡ ಮಳೆಯ ದಿನ ಹಳ್ಳದ ಒಂದೇ ಜಾಗದಿಂದ ಒಂದು ಲೀಟರ್ ನೀರು ಹಿಡೀರಿ. ಮಾರನೇ ದಿನ ಬಾಟಲಿ ಪಕ್ಕ ಸ್ಕೇಲ್ ಇಟ್ಟು, ಕೂತ ಕೆಸರು ಎಷ್ಟು ಮಿಲಿಮೀಟರ್ ಅಂತ ಕಾಣೋ ಹಾಗೆ ಫೋಟೋ ತೆಗೀರಿ. ಫೋನಿನ ಲೊಕೇಶನ್ ಆನ್ ಇರಲಿ, ಪಿಎಚ್ ಪಟ್ಟಿನೂ ಅದೇ ಫೋಟೋದಲ್ಲಿ ಬರಲಿ. ಪ್ರತಿ ದೊಡ್ಡ ಮಳೆಗೂ ಅದೇ ಜಾಗ, ಅದೇ ಬಾಟಲಿ. ಮೇಲಿನ ಊರಿನವರೂ ಕೆಳಗಿನ ಊರಿನವರೂ ಹೀಗೆ ಮಾಡಿದರೆ ಪುಡಿ ಯಾವ ಕೊರಕಲಿನಿಂದ ಇಳೀತಿದೆ ಅಂತ ಕಂಡುಹಿಡಿಯೋಕೆ ಒಂದೇ ಮಳೆಗಾಲ ಸಾಕಾಗಬಹುದು.